ಪೆನ್ಸಿಲ್‌ನಲ್ಲಿ ಹೌರಾ ಸೇತುವೆ: ಬಿಟ್ಟ ಜಾಗವನ್ನು ನೋಡುವುದು

ಗೋಡೆಯ ಮೇಲೆ ನಿಮಗೆ ಇಷ್ಟು ದೊಡ್ಡದಾಗಿ ಕಾಣುತ್ತಿರುವ ಚಿತ್ರ ನಿಜವಾಗಿ ನನ್ನ ಅಂಗೈಗಿಂತ ಸ್ವಲ್ಪ ಅಗಲ, ಅಷ್ಟೇ. ಒಂದು ಚಿಕ್ಕ ಸ್ಕೆಚ್ ಪುಸ್ತಕದ ಬಲಪುಟ. 4ಬಿ ಪೆನ್ಸಿಲ್. ಬಿಡಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಬ್ಯಾಂಕಿನಲ್ಲಿ ಕೆಲಸ, ಈಗ ಕೋಲ್ಕತ್ತಕ್ಕೆ ವರ್ಗವಾಗಿದೆ. ಚಳಿಗಾಲದ ಒಂದು ಬೆಳಿಗ್ಗೆ ಹೌರಾ ಸ್ಟೇಷನ್ ಎದುರಿನ ಘಾಟಿನಲ್ಲಿ, ನದಿ ದಾಟಿಸುವ ಲಾಂಚ್‌ಗೆ ಕಾಯುತ್ತಾ ಕೂತಿದ್ದಳು. ಕೈ ಸುಮ್ನೆ ಇರಲಿಲ್ಲ. ಪುಸ್ತಕ ತೆಗೆದು ಹೌರಾ ಸೇತುವೆ ಬಿಡಿಸಿದಳು. ಇಪ್ಪತ್ತು ನಿಮಿಷ. ಲಾಂಚ್ ಬಂತು, ಪುಸ್ತಕ ಮುಚ್ಚಿದಳು.

ಚಿತ್ರ ಹಾಕಿದ ಕೂಡಲೇ ಎರಡನೇ ಸಾಲಿನಿಂದ ಯಾರೋ ‘ಇದಿನ್ನೂ ಅರ್ಧ ಆಗಿದೆ’ ಎಂದರು. ಆ ಮಾತಿನಿಂದಲೇ ಶುರು ಮಾಡೋಣ. ಏಕೆಂದರೆ ನಾನೂ ಬಹಳ ವರ್ಷ ಹಾಗೇ ನೋಡುತ್ತಿದ್ದೆ. ಸಡಿಲ ಕೈಯಲ್ಲಿ ಬಿಡಿಸಿದ ಚಿತ್ರ ಎಂದರೆ ಮುಂದೆ ಬರಲಿರುವ ಯಾವುದೋ ದೊಡ್ಡ ಚಿತ್ರದ ತಯಾರಿ ಎಂದುಕೊಂಡಿದ್ದೆ. ಈ ಪುಟವನ್ನು ಆರು ತಿಂಗಳಿಂದ ನೋಡುತ್ತಿದ್ದೇನೆ. ಇದಕ್ಕೆ ಇನ್ನೊಂದು ಗೆರೆ ಸೇರಿಸಬೇಕು ಅಂತ ನನಗೆ ಒಂದು ದಿನವೂ ಅನಿಸಿಲ್ಲ.

ಮೊದಲು ಏನಿದೆ ನೋಡೋಣ. ಎಡಗಡೆ ಹತ್ತಿರದ ಗೋಪುರ, ಎತ್ತರ, ಕಪ್ಪು. ಬಲಗಡೆ ದೂರದ ಗೋಪುರ, ಮಸುಕು, ಹೆಬ್ಬೆರಳ ಉಗುರಿನಷ್ಟು. ಎರಡನ್ನೂ ಸೇರಿಸುವ ಮೇಲಿನ ಗೆರೆ ಒಂದು. ಅದು ಗೋಪುರದ ತುದಿಯಿಂದ ಇಳಿದು, ನಡುವಿನಲ್ಲಿ ತಗ್ಗಾಗಿ, ಮತ್ತೆ ಏರುತ್ತದೆ. ಒಣಗಲು ಹಾಕಿದ ಸೀರೆ ಎರಡು ಗೂಟದ ನಡುವೆ ಜಗ್ಗಿದ ಹಾಗೆ. ಅದರ ಕೆಳಗೆ ರಸ್ತೆಯ ಗೆರೆ. ಎರಡರ ನಡುವೆ ಅಡ್ಡಾದಿಡ್ಡಿ ಒಂದಷ್ಟು ಗೀಚು. ಕೆಳಗೆ ನೀರಿಗೆ ಐದಾರು ಅಡ್ಡಗೆರೆ. ಒಂದು ದೋಣಿ. ಆಮೇಲೆ? ಆಮೇಲೆ ಏನೂ ಇಲ್ಲ. ಮುಕ್ಕಾಲು ಪುಟ ಬಿಳಿ ಹಾಳೆ.

ನಾನು ಮಾತಾಡಬೇಕು ಅಂದುಕೊಂಡು ಬಂದಿರುವುದು ಆ ಬಿಳಿಯ ಬಗ್ಗೆಯೇ. ಆದರೆ ಅದಕ್ಕೆ ಮುಂಚೆ ಸೇತುವೆಯ ಬಗ್ಗೆ ಸ್ವಲ್ಪ ಹೇಳಬೇಕು. ಚಿತ್ರ ನೋಡಲು ಸೇತುವೆಯ ವಿಷಯ ಯಾಕೆ ಎಂದು ಕೇಳಬಹುದು. ಈ ಚಿತ್ರಕ್ಕೆ ಅದು ಬೇಕು.

ಹೂಗ್ಲಿ ನದಿಗೆ ಇಲ್ಲಿ ಮೊದಲು ಇದ್ದದ್ದು ತೇಲುವ ಸೇತುವೆ. 1874ರಲ್ಲಿ ಕಟ್ಟಿದ್ದು. ದೋಣಿಯಂಥ ತೇಲುತಳಗಳ ಮೇಲೆ ರಸ್ತೆ ಹಾಸಿದ್ದರು. ಹಡಗು ಬಂದರೆ ಸೇತುವೆಯ ನಡುವನ್ನೇ ಸರಿಸಬೇಕಿತ್ತು. ಆಗ ರಸ್ತೆಯ ಮೇಲಿನವರು ನಿಂತು ಕಾಯಬೇಕು. ಹೊಸ ಸೇತುವೆ ಬೇಕು ಎಂದಾಗ ದೊಡ್ಡ ಪ್ರಶ್ನೆ ನದಿಯದ್ದೇ ಆಗಿತ್ತು. ನಡುವೆ ಕಂಬ ನಿಲ್ಲಿಸಿದರೆ ಹಡಗಿಗೆ ಅಡ್ಡ, ಜೊತೆಗೆ ಕಂಬದ ಸುತ್ತ ಹೂಳು ಕೂರುತ್ತದೆ. ಅದಕ್ಕೇ ನದಿಯೊಳಗೆ ಒಂದೂ ಕಂಬ ಇಲ್ಲದಂತೆ ಯೋಚಿಸಿದರು. ಎರಡೂ ಗೋಪುರ ದಡದ ಬಳಿಯೇ ನಿಂತಿವೆ. ನಡುವೆ 457 ಮೀಟರ್ ಖಾಲಿ. 1943ರ ಫೆಬ್ರವರಿಯಲ್ಲಿ ಸೇತುವೆ ಜನರಿಗೆ ತೆರೆಯಿತು. ಯುದ್ಧದ ಕಾಲ, ಜಪಾನಿನ ವಿಮಾನದ ಭಯ. ಹಾಗಾಗಿ ದೊಡ್ಡ ಸಮಾರಂಭ ಏನೂ ನಡೆಯಲಿಲ್ಲ. 1965ರಲ್ಲಿ ರವೀಂದ್ರ ಸೇತು ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಈಗಲೂ ಹೌರಾ ಬ್ರಿಡ್ಜ್.

ಕಂಬ ಇಲ್ಲದೆ ಅದು ಹೇಗೆ ನಿಂತಿದೆ? ನಿಮ್ಮ ಮನೆಯ ಕಿಟಕಿ ಮೇಲಿನ ಸಜ್ಜ ನೆನೆಸಿಕೊಳ್ಳಿ. ಒಂದು ಕಡೆ ಗೋಡೆಯೊಳಗೆ ಬಿಗಿಯಾಗಿ ಕೂತಿದೆ, ಇನ್ನೊಂದು ಕಡೆ ಗಾಳಿಯಲ್ಲಿ ಚಾಚಿದೆ. ಇದೂ ಹಾಗೇ. ಎರಡೂ ದಡದಿಂದ ಎರಡು ಉಕ್ಕಿನ ತೋಳು ನದಿಯ ಮೇಲೆ ಚಾಚಿವೆ. ನಡುವಿನ 172 ಮೀಟರ್ ತುಂಡು ಆ ಎರಡು ತೋಳಿನ ತುದಿಯಿಂದ ತೂಗುತ್ತಿದೆ. ತೋಳು ಮುಂದಕ್ಕೆ ಮಗುಚಬಾರದು ಅಂದರೆ ದಡದ ಕಡೆಯ ತುದಿಯನ್ನು ನೆಲಕ್ಕೆ ಬಿಗಿದು ಹಿಡಿಯಬೇಕು. ರಸ್ತೆ ಮೇಲಿನಿಂದ ನೇತಾಡುತ್ತಿದೆ, ಅದನ್ನು ಹಿಡಿದಿರುವುದು 39 ಜೊತೆ ಉಕ್ಕಿನ ಹ್ಯಾಂಗರ್‌ಗಳು. ಒಟ್ಟು ಉಕ್ಕು 26,500 ಟನ್. ಅದರಲ್ಲಿ 23,000 ಟನ್ ಟಾಟಾ ಕಾರ್ಖಾನೆಯದ್ದು.

ಈಗ ಮತ್ತೆ ಚಿತ್ರಕ್ಕೆ ಬನ್ನಿ. ಎಡಗಡೆ ಮೂಲೆ ನೋಡಿ. ಸೇತುವೆ ಹೌರಾ ದಡಕ್ಕೆ ಇಳಿದು ನೆಲ ಮುಟ್ಟುವ ಜಾಗ. ಇಡೀ ಪುಟದಲ್ಲಿ ಪೆನ್ಸಿಲ್ ಅತಿ ಜಾಸ್ತಿ ಒತ್ತಿರುವುದು ಅಲ್ಲಿ. ಗೋಪುರದ ತುದಿಯಲ್ಲಿ ಅಲ್ಲ. ಹಾಳೆಯ ಹಿಂಬದಿಗೆ ಬೆರಳು ಆಡಿಸಿದರೆ ಆ ಒಂದು ಜಾಗ ಉಬ್ಬಿರುವುದು ಗೊತ್ತಾಗುತ್ತದೆ. ಅವಳು ಎಂಜಿನಿಯರ್ ಅಲ್ಲ. ಸೇತುವೆಯನ್ನು ನೆಲಕ್ಕೆ ಬಿಗಿದಿರುವುದು ಅಲ್ಲೇ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಫೋನಿನಲ್ಲಿ ಕೇಳಿದೆ, ‘ಅಲ್ಲಿ ಯಾಕಮ್ಮ ಅಷ್ಟು ಒತ್ತಿದೆ?’ ‘ಗೊತ್ತಿಲ್ಲ ಸರ್, ಅಲ್ಲಿ ಹಿಡಿದುಕೊಂಡಿದೆ ಅನಿಸಿತು’ ಎಂದಳು. ಹಿಡಿದುಕೊಂಡಿದೆ! ಇದಕ್ಕಿಂತ ಸರಿಯಾದ ಮಾತು ಇಲ್ಲ.

ಸಡಿಲ ಚಿತ್ರ ಎಂದರೆ ಅಜಾಗರೂಕ ಚಿತ್ರ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಗೆರೆ ಸಡಿಲ ಇರಬಹುದು, ನೋಟ ಸಡಿಲ ಇಲ್ಲ. ಇಪ್ಪತ್ತು ನಿಮಿಷದಲ್ಲಿ 26,500 ಟನ್ ಉಕ್ಕನ್ನು ಪೂರ್ತಿ ಬರೆಯಲು ಆಗುವುದಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಪ್ರತಿ ನಿಮಿಷ ತೀರ್ಮಾನ ಮಾಡಬೇಕು. ಆ ತೀರ್ಮಾನಗಳೆಲ್ಲ ನಮಗೆ ಹಾಳೆಯ ಮೇಲೆ ಬಿಚ್ಚಿ ಕಾಣುತ್ತವೆ. ಬಣ್ಣ ಹಚ್ಚಿ ನಯಮಾಡಿದ ಚಿತ್ರದಲ್ಲಿ ಅವು ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಅಡಿಯಲ್ಲಿ ಮುಚ್ಚಿಹೋಗುವುದು ಎಂದಾಗ ನಮ್ಮ ಮೈಸೂರು ಶೈಲಿಯ ಚಿತ್ರಗಳು ನೆನಪಾಗುತ್ತವೆ. ಹಿಂದಿನ ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಮೊದಲ ರೇಖೆ ಅದರಲ್ಲೇ. ಆಮೇಲೆ ಅದರ ಮೇಲೆ ಬಣ್ಣ, ಉಬ್ಬುಕೆಲಸ, ಚಿನ್ನದ ಹಾಳೆ. ಪೂಜೆಯ ಮನೆಯಲ್ಲಿ ನಾವು ನೋಡುವುದು ಚಿನ್ನವನ್ನು. ಆ ಹುಣಸೆ ಇದ್ದಿಲಿನ ಗೆರೆಯನ್ನು ಬರೆದವನ ಹೊರತು ಯಾರೂ ನೋಡಲಿಲ್ಲ. ಅಲ್ಲಿ ಅದು ಹಾಗೇ ಇರಬೇಕು, ಆ ಚಿತ್ರದ ಉದ್ದೇಶ ಬೇರೆ. ಆದರೂ ಒಂದು ಹಳೆಯ ಲಕ್ಷ್ಮಿಯ ಚಿತ್ರದ ಮುಂದೆ ನಿಂತಾಗಲೆಲ್ಲ ನನಗೆ ಅಡಿಯ ಆ ಮೊದಲ ಗೆರೆ ನೋಡುವ ಆಸೆ ಆಗುತ್ತದೆ. ಈ ಪುಟದಲ್ಲಿ ಇರುವುದೇ ಆ ಮೊದಲ ಗೆರೆ.

ಇನ್ನು ಬಿಳಿಯ ವಿಷಯ. ರಸ್ತೆಯ ಗೆರೆಯಿಂದ ಕೆಳಗೆ, ನೀರಿನ ಮೊದಲ ಅಡ್ಡಗೆರೆಯವರೆಗೆ ನೋಡಿ. ಪೂರ್ತಿ ಖಾಲಿ. ಅಲ್ಲಿ ನಿಜವಾಗಿ ಏನಿತ್ತು ಗೊತ್ತಾ? ಎದುರು ದಡ. ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆ, ಚೆಂಡು ಹೂವಿನ ರಾಶಿ, ಹಳೆಯ ಗೋದಾಮು, ಮೆಟ್ಟಿಲಲ್ಲಿ ಸ್ನಾನ ಮಾಡುವ ಜನ. ಬರೆಯಬೇಕು ಅಂದರೆ ಒಂದು ಇಡೀ ದಿನಕ್ಕೆ ಆಗುವಷ್ಟು. ಇವಳು ಅದರಲ್ಲಿ ಒಂದನ್ನೂ ಬರೆದಿಲ್ಲ. ಬಲಗಡೆ ದೂರದ ಗೋಪುರದ ಬುಡದಲ್ಲಿ ಎರಡು ಗೀಟು ಎಳೆದು ಬಿಟ್ಟಿದ್ದಾಳೆ. ಬೆಳಗಿನ ಮಂಜು ಇತ್ತು, ಸರಿ. ಆದರೆ ಮಂಜಿನಲ್ಲೂ ಅಷ್ಟು ಖಾಲಿ ಇರುವುದಿಲ್ಲ.

ಸೇತುವೆ ಕಟ್ಟಿದವರು ಇಷ್ಟೆಲ್ಲ ಕಷ್ಟಪಟ್ಟದ್ದು ಯಾತಕ್ಕೆ? ಕೆಳಗಿನ ಆ ಜಾಗವನ್ನು ಖಾಲಿ ಬಿಡಲು. ನದಿ ನದಿಯ ಪಾಡಿಗೆ ಹೋಗಲಿ ಎಂದು. ಆ ಖಾಲಿಯೇ ಸೇತುವೆಯ ಕಾರಣ. ಇವಳು ಹಾಳೆಯಲ್ಲಿ ಅದನ್ನೇ ಖಾಲಿ ಬಿಟ್ಟಿದ್ದಾಳೆ. ಅಲ್ಲಿ ಹೂವಿನ ಮಾರುಕಟ್ಟೆ ತುಂಬಿಸಿದ್ದರೆ ಚಿತ್ರ ಚೆನ್ನಾಗೇ ಇರುತ್ತಿತ್ತು, ಆದರೆ ಸೇತುವೆ ಭಾರ ಕಳೆದುಕೊಳ್ಳುತ್ತಿತ್ತು. ಕೆಳಗೆ ಏನೋ ಆಸರೆ ಇದೆ ಅಂತ ಕಣ್ಣು ಅಂದುಕೊಳ್ಳುತ್ತಿತ್ತು. ಈಗ ನೋಡಿ, ರಸ್ತೆಯ ಗೆರೆ ಗಾಳಿಯಲ್ಲಿ ನಿಂತಿದೆ. ನೋಡುತ್ತಾ ಇದ್ದರೆ ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿ ಆಗುತ್ತದೆ. ನನಗಂತೂ ಆಗುತ್ತದೆ.

ಕನ್ನಡದಲ್ಲಿ ನಾವು ‘ಚಿತ್ರ ಬರೆ’ ಅಂತೀವಿ, ‘ಚಿತ್ರ ಬಿಡಿಸು’ ಅಂತಲೂ ಅಂತೀವಿ. ಎಷ್ಟೋ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ‘ಬಿಡಿಸು’ ಎನ್ನುವ ಮಾತಿನೊಳಗೆ ‘ಬಿಡು’ ಇದೆ. ಅವರೆಕಾಯಿ ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ. ಅಂಟಿಕೊಂಡಿದ್ದನ್ನು ಬೇರೆ ಮಾಡಿ ಹೊರಗೆ ತರುವುದು. ಅವರೆಕಾಯಿ ಬಿಡಿಸುವಾಗ ಸಿಪ್ಪೆ ಬಿಟ್ಟು ಕಾಳು ಇಟ್ಟುಕೊಳ್ಳುತ್ತೇವೆ ಅಲ್ವಾ? ಇವಳು ಆ ಬೆಳಿಗ್ಗೆ ಮಾಡಿದ್ದು ಅದೇ. ಇಡೀ ಹೌರಾ ದಂಡೆಯ ಗದ್ದಲದಿಂದ ಸೇತುವೆಯನ್ನು ಬಿಡಿಸಿದಳು.

ಈಗ ಗೆರೆಯ ಹತ್ತಿರ ಹೋಗೋಣ. ಮುಂದಿನ ಚಿತ್ರದಲ್ಲಿ ಮೇಲಿನ ಗೆರೆಯನ್ನಷ್ಟೇ ದೊಡ್ಡದು ಮಾಡಿ ಹಾಕಿದ್ದೇನೆ. ನೋಡಿ, ಅದು ಒಂದಲ್ಲ, ಮೂರು. ಮೊದಲನೆಯದು ತೆಳು, ಸ್ವಲ್ಪ ಎತ್ತರದಲ್ಲಿದೆ. ಎರಡನೆಯದು ಜಾಸ್ತಿ ಕೆಳಗಿಳಿದಿದೆ. ಮೂರನೆಯದು ಎರಡರ ನಡುವೆ, ಗಟ್ಟಿಯಾಗಿ. ತಪ್ಪಿದ ಎರಡನ್ನೂ ಅವಳು ಅಳಿಸಿಲ್ಲ. ರಬ್ಬರನ್ನೇ ತೆಗೆದುಕೊಂಡು ಹೋಗಿರಲಿಲ್ಲವಂತೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ನಾನು ಇಪ್ಪತ್ತಾರು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಎಷ್ಟು ಮಕ್ಕಳ ಹಾಳೆಯಲ್ಲಿ ಇಂಥ ಎರಡನೇ ಮೂರನೇ ಗೆರೆ ನೋಡಿ ‘ಅಳಿಸು, ನೀಟಾಗಿ ಬರಿ’ ಎಂದಿದ್ದೇನೋ ಲೆಕ್ಕ ಇಲ್ಲ. ಸ್ಕೇಲ್ ಇಟ್ಟು ಸೇತುವೆ ಬರೆಸಿದ್ದೇನೆ. ಇದೇ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಬಸ್ ನಿಲ್ದಾಣ ಬಿಡಿಸಿ ತಂದಿದ್ದಳು, ಹೀಗೇ ಸಡಿಲವಾಗಿ. ಹತ್ತಕ್ಕೆ ನಾಲ್ಕು ಕೊಟ್ಟೆ. ಆ ಹಾಳೆ ಈಗ ಇಲ್ಲ. ಇದ್ದಿದ್ದರೆ ಇವತ್ತು ಇದರ ಪಕ್ಕ ತೋರಿಸುತ್ತಿದ್ದೆ. ಆ ಮೂರು ಗೆರೆಯಲ್ಲಿ ಏನಿದೆ ಅಂತ ನನಗೆ ಆಗ ಕಂಡಿರಲಿಲ್ಲ. ಮೊದಲನೆಯದು ಅವಳು ಅಂದುಕೊಂಡ ಸೇತುವೆ. ಎರಡನೆಯದು, ಅಯ್ಯೋ ಇಷ್ಟು ಎತ್ತರ ಇಲ್ಲ ಅಂತ ತಿದ್ದಿಕೊಂಡಿದ್ದು. ಮೂರನೆಯದು ಕೊನೆಗೆ ಕಣ್ಣಿಗೆ ಕಂಡ ಸೇತುವೆ. ಒಬ್ಬ ಮನುಷ್ಯ ನೋಡಲು ಕಲಿಯುತ್ತಿರುವುದನ್ನು ನಾವು ಗೆರೆಯಲ್ಲೇ ನೋಡುತ್ತಿದ್ದೇವೆ. ರಬ್ಬರ್ ಹಾಕಿದ್ದರೆ ಅದು ಹೋಗುತ್ತಿತ್ತು.

ಗೆರೆಯ ವೇಗ ಇನ್ನೊಂದು ವಿಷಯ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವವರ ಕೈ ಗಮನಿಸಿದ್ದೀರಾ? ಎಳೆ ನಡುಗುವುದು ಕೈ ಅಳುಕಿದಾಗ, ನಿಧಾನವಾದಾಗ. ನಮ್ಮ ಅಮ್ಮ ತಂಗಿಗೆ ಹೇಳಿಕೊಡುವಾಗ ‘ಬೆರಳು ನೋಡಬೇಡ, ಮುಂದಿನ ಚುಕ್ಕಿ ನೋಡು’ ಎನ್ನುತ್ತಿದ್ದರು. ಈ ಮೂರನೇ ಗೆರೆ ಹಾಗೆ ಎಳೆದದ್ದು. ಎಡ ಗೋಪುರದ ತುದಿಯಲ್ಲಿ ಪೆನ್ಸಿಲ್ ಊರಿ, ಕಣ್ಣು ಬಲ ಗೋಪುರದ ಮೇಲಿಟ್ಟು, ಒಂದೇ ಸಲ. ಹೇಗೆ ಗೊತ್ತು ಅಂದರೆ, ಹೊರಟ ಕಡೆ ಗೆರೆ ದಪ್ಪ ಇದೆ, ನಡುವೆ ತೆಳುವಾಗಿ ಒಂದು ಕಡೆ ಹಾಳೆ ಬಿಟ್ಟೇ ಹೋಗಿದೆ, ಮತ್ತೆ ಬಂದು ಸೇರಿದೆ. ಆ ಮುರಿದ ಜಾಗದಲ್ಲಿ ನಿಮ್ಮ ಕಣ್ಣಿಗೆ ಗೆರೆ ಕಾಣುತ್ತಿಲ್ಲವಾ? ಕಾಣುತ್ತದೆ. ಅಲ್ಲಿ ಗೆರೆ ಎಳೆದವರು ನೀವು.

ನಮ್ಮವರೇ ಆದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಸಿಕ್ಕಾಗ ಹುಡುಕಿ ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಕುಣಿಯುವವರನ್ನು ಅವರು ನಾಲ್ಕೈದು ಗೆರೆಯಲ್ಲಿ ತರುತ್ತಿದ್ದರು. ಲಯ ಮೈಗೆ ಹತ್ತಲಿ ಎಂದು ಕಥಕ್ ಕೂಡ ಕಲಿತರು. ಚಿತ್ರಗಾರ ಕಥಕ್ ಕಲಿಯುವುದು ಯಾಕೆ ಅಂತ ಮೊದಲು ನನಗೂ ಆಶ್ಚರ್ಯ ಆಗಿತ್ತು. ಗೆರೆ ಬರುವುದು ಬೆರಳಿನಿಂದ ಅಲ್ಲ, ಹೆಗಲಿನಿಂದ. ಒಮ್ಮೆ ನಿಂತು, ಪೆನ್ಸಿಲನ್ನು ತುದಿಯಿಂದ ದೂರ ಹಿಡಿದು, ತೋಳು ಪೂರ್ತಿ ಆಡಿಸಿ ಒಂದು ಗೆರೆ ಎಳೆದು ನೋಡಿ. ಆಗ ತಿಳಿಯುತ್ತದೆ.

ಪೆನ್ಸಿಲ್ ಬಗ್ಗೆಯೂ ಒಂದು ಮಾತು. ಹಳಬರು ಇದನ್ನು ಸೀಸದ ಕಡ್ಡಿ ಎನ್ನುತ್ತಿದ್ದರು. ಇದರಲ್ಲಿ ಸೀಸ ಇಲ್ಲ, ಇರುವುದು ಗ್ರಾಫೈಟ್. 1795ರಲ್ಲಿ ಫ್ರಾನ್ಸಿನ ಕೊಂತೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ರೀತಿ ಕಂಡುಹಿಡಿದ. ಮಣ್ಣು ಜಾಸ್ತಿ ಆದರೆ ಕಡ್ಡಿ ಗಟ್ಟಿ, ಗೆರೆ ತೆಳು. ಅದು ಎಚ್. ಗ್ರಾಫೈಟ್ ಜಾಸ್ತಿ ಆದರೆ ಮೆದು, ಕಪ್ಪು. ಅದು ಬಿ. ಎಂಜಿನಿಯರ್ ಕೈಯಲ್ಲಿ ಎಚ್ ಇರುತ್ತದೆ. ಅವರ ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೆ ಜೀವಕ್ಕೆ ಅಪಾಯ, ಅಲ್ಲಿ ನಿಖರತೆಯೇ ಪ್ರಾಮಾಣಿಕತೆ. ನಮ್ಮ ಹುಡುಗಿಯ ಕೈಯಲ್ಲಿದ್ದದ್ದು 4ಬಿ. ಒತ್ತಿದರೆ ಇದ್ದಿಲು, ತೇಲಿಸಿದರೆ ಮಂಜು. ಅದಕ್ಕೇ ಒಂದೇ ಪೆನ್ಸಿಲಿನಲ್ಲಿ ಹತ್ತಿರದ ಗೋಪುರವೂ ದೂರದ ಗೋಪುರವೂ ಬಂದಿವೆ. ಬಲಗಡೆಯದು ಹಾಳೆ ಮುಟ್ಟಿಯೂ ಮುಟ್ಟದ ಹಾಗಿದೆ. ಎರಡೂ ಒಂದೇ ಎತ್ತರದವು, 82 ಮೀಟರ್. ಸುಮಾರು 25 ಅಂತಸ್ತಿನ ಕಟ್ಟಡದಷ್ಟು. ಅರ್ಧ ಕಿಲೋಮೀಟರಿನಷ್ಟು ದೂರವನ್ನು ಅವಳು ಬೆರಳಿನ ಒತ್ತಡದಲ್ಲೇ ತೋರಿಸಿದ್ದಾಳೆ.

ನಡುವಿನ ಗೀಚುಗಳನ್ನು ನೋಡಿ ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸುತ್ತಿದ್ದೀರಿ. ನಿಜ, ಲೆಕ್ಕ ಹಾಕಿದರೆ ತಪ್ಪಿದೆ. ಹ್ಯಾಂಗರ್ 39 ಜೊತೆ ಅಂದೆ. ಇಲ್ಲಿ ಎಣಿಸಿದರೆ ಹದಿನಾರು ಗೀಟು ಇವೆ. ಅಡ್ಡಪಟ್ಟಿಗಳೂ ಕಡಿಮೆ. ಆದರೆ ಒಂದು ನೋಡಿ. ಗೀಟುಗಳ ನಡುವಿನ ಜಾಗ ಎಡಗಡೆ ಅಗಲ ಇದೆ, ಬಲಕ್ಕೆ ಹೋದಹಾಗೆ ಕಿರಿದಾಗುತ್ತಾ ಕೊನೆಗೆ ಒಂದಕ್ಕೊಂದು ಅಂಟುತ್ತದೆ. ಮತ್ತೆ ಎಲ್ಲವೂ ಮೇಲಿನಿಂದ ಕೆಳಕ್ಕೆ ಎಳೆದ ಗೀಟು. ಮೇಲ್ಗಡೆ ದಪ್ಪ, ಕೆಳಗೆ ಚೂಪು. ರಸ್ತೆ ಮೇಲಿನಿಂದ ನೇತಾಡುತ್ತಿದೆ ಅಂದೆನಲ್ಲ, ಕೈ ಅದನ್ನು ಹಾಗೇ ಇಳಿಸಿದೆ. ಎಣಿಕೆ ತಪ್ಪಿದೆ, ಭಾರ ತಪ್ಪಿಲ್ಲ.

ಈ ಸೇತುವೆಯಲ್ಲಿ ನಟ್ಟು ಬೋಲ್ಟು ಇಲ್ಲ, ಎಲ್ಲ ರಿವೆಟ್, ಅಂದರೆ ತಲೆ ಬಡಿದು ಕೂರಿಸಿದ ಉಕ್ಕಿನ ಮೊಳೆ. ಹತ್ತಿರ ಹೋದರೆ ಉಕ್ಕಿನ ಮೈ ತುಂಬ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಅದನ್ನು ಪೆನ್ಸಿಲಿನಲ್ಲಿ ಹೇಗೆ ತರುವುದು? ಎಡ ಗೋಪುರದ ಸೊಂಟದ ಹತ್ತಿರ ನೋಡಿ. ಅಲ್ಲಿ ಕಡ್ಡಿಯನ್ನು ಮಲಗಿಸಿ ಉಜ್ಜಿದ್ದಾಳೆ. ಹಾಳೆಯ ತರಿ ಮೇಲೆದ್ದು ಬಂದು ಸಣ್ಣ ಸಣ್ಣ ಚುಕ್ಕಿಯಾಗಿದೆ. ಒಂದೂ ರಿವೆಟ್ ಬರೆದಿಲ್ಲ, ಹಾಳೆಯೇ ರಿವೆಟ್ ಕೊಟ್ಟಿದೆ. ಈ ಒಂದು ಅಂಗುಲ ಜಾಗ ಇಡೀ ಚಿತ್ರದಲ್ಲಿ ನನಗೆ ತುಂಬ ಇಷ್ಟ.

ರಸ್ತೆಯ ಗೆರೆಯ ಮೇಲೆ ಇರುವೆ ಸಾಲಿನ ಹಾಗೆ ಕಾಣುವುದು ಜನ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಒಂದು ಕಡೆ ಮಾತ್ರ ಚುಕ್ಕಿಯ ಮೇಲೆ ಇನ್ನೊಂದು ಅಡ್ಡ ಚುಕ್ಕಿ ಇದೆ, ತಲೆ ಮೇಲೆ ಹೊರೆ ಹೊತ್ತವರು ಇರಬೇಕು. ಹೂವಿನ ಮೂಟೆಯೋ ಏನೋ. ಈ ಚುಕ್ಕಿಗಳನ್ನು ಒಮ್ಮೆ ಬೆರಳಿನಿಂದ ಮುಚ್ಚಿ ನೋಡಿ. ಸೇತುವೆ ಆಟಿಕೆಯಷ್ಟು ಸಣ್ಣದಾಗುತ್ತದೆ. ಬೆರಳು ತೆಗೆಯಿರಿ, ಮತ್ತೆ ಬೆಳೆಯುತ್ತದೆ.

ಎಲ್ಲವನ್ನೂ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬಲಗಡೆ ಕೆಳಗಿನ ದೋಣಿ ನನಗೆ ಹಿಡಿಸಿಲ್ಲ. ಅದನ್ನು ಅವಳಿಗೂ ಹೇಳಿದ್ದೇನೆ. ಅದು ಹೂಗ್ಲಿಯ ದೋಣಿ ಅಲ್ಲ, ಶಾಲೆಯಲ್ಲಿ ನಾವೇ ಕಲಿಸಿದ ದೋಣಿ. ಅರ್ಧಚಂದ್ರ, ಮೇಲೊಂದು ಕೋಲು. ಉಳಿದ ಗೆರೆಗಳನ್ನೆಲ್ಲ ನದಿ ನೋಡಿಕೊಂಡು ಬರೆದಿದ್ದಾಳೆ. ಇದೊಂದನ್ನು ನೆನಪಿನಿಂದ ಬರೆದಿದ್ದಾಳೆ. ಮೂಲೆ ಖಾಲಿ ಕಂಡಿತು, ತುಂಬಿಸೋಣ ಎನಿಸಿತು ಎಂದಳು. ಮೇಲೆ ಅಷ್ಟು ದೊಡ್ಡ ಜಾಗ ಖಾಲಿ ಬಿಡುವ ಧೈರ್ಯ ಇದ್ದವಳಿಗೆ ಮೂಲೆಯಲ್ಲಿ ಅದು ಸಾಲದಾಯಿತು. ನೀರಿನ ಅಡ್ಡಗೆರೆ ಮಾತ್ರ ಚೆನ್ನಾಗಿವೆ. ಹೂಗ್ಲಿಗೆ ಸಮುದ್ರದ ಉಬ್ಬರ ಇಳಿತ ಇದೆ, ನೀರು ಒಂದು ಹೊತ್ತು ಮೇಲಕ್ಕೂ ಹರಿಯುತ್ತದೆ. ನೆರಳು ಅಲ್ಲಿ ಕನ್ನಡಿಯ ಹಾಗೆ ನಿಲ್ಲುವುದಿಲ್ಲ, ತುಂಡು ತುಂಡಾಗುತ್ತದೆ. ಇಲ್ಲಿಯೂ ಗೋಪುರದ ನೆರಳು ಮೂರು ತುಂಡಾಗಿ ಬಿದ್ದಿದೆ.

ಪುಸ್ತಕ ಈಗ ಎಡಗಡೆಯ ಸಾಲಿನಿಂದ ಕೈಯಿಂದ ಕೈಗೆ ಬರುತ್ತದೆ. ಅಂಚು ಹಿಡಿದುಕೊಳ್ಳಿ, ಚಿತ್ರದ ಮೇಲೆ ಬೆರಳು ಇಡಬೇಡಿ. ಅವಳು ಇದಕ್ಕೆ ಫಿಕ್ಸಟಿವ್, ಅಂದರೆ ಪೆನ್ಸಿಲ್ ಪುಡಿ ಏಳದಂತೆ ಹಿಡಿಯುವ ದ್ರವ, ಹೊಡೆದಿಲ್ಲ, 4ಬಿ ಬೇಗ ಅಂಟುತ್ತದೆ. ಕಿಟಕಿಯ ಹತ್ತಿರ ಇರುವವರು ಪುಟವನ್ನು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ಒತ್ತಿ ಎಳೆದ ಗೆರೆಗಳು ಮಾತ್ರ ಉಕ್ಕಿನ ಹಾಗೆ ಹೊಳೆಯುತ್ತವೆ. ಅದು ಈ ಗೋಡೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ ಕಾಣುವುದಿಲ್ಲ. ಆಮೇಲೆ ಎಡಪುಟವನ್ನೂ ನೋಡಿ. ಲಾಂಚ್ ಬಂತೆಂದು ಅವಸರದಲ್ಲಿ ಮುಚ್ಚಿದಳಲ್ಲ, ಆರು ತಿಂಗಳು ಚೀಲದಲ್ಲಿ ಒತ್ತಿಕೊಂಡು ಅಲ್ಲೊಂದು ಮಸುಕು ಸೇತುವೆ ಮೂಡಿದೆ, ಎಡ ಬಲ ತಿರುಗಿಕೊಂಡು. ಅದರಲ್ಲಿ ದೋಣಿ ಬಂದಿಲ್ಲ.